ಯಂತ್ರಕ್ಕೆ ಕಿವಿ, ಮೂಗು, ನಾಲಿಗೆ, ಮನಸ್ಸು: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಅಕ್ಕನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಮೂರು ವರ್ಷ ತುಂಬುವ ಮುಂಚೆ ಅವಳಿಗೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಒಳಕಿವಿಗೆ ಆಪರೇಶನ್ ಮಾಡಿ ಅಳವಡಿಸುವ ಶ್ರವಣ ಸಾಧನ, ಆಯಿತು. ಅಂದಿನಿಂದ ಮನೆಗೆ ಬಂದವರು, ಬಸ್ಸಿನಲ್ಲಿ ಪಕ್ಕ ಕೂತವರು, ಅವಳ ಶಾಲೆಯ ಟೀಚರುಗಳು ಏನಾದರೊಂದು ಕೇಳುತ್ತಲೇ ಇದ್ದಾರೆ. ಒಂದು ಪ್ರಶ್ನೆ ಇನ್ನೊಂದನ್ನು ಎಳೆದು ತರುತ್ತದೆ. ಕಿವಿಗೆ ಆಗುವುದಾದರೆ ಕಣ್ಣಿಗೆ ಯಾಕಿಲ್ಲ, ಫೋನಿನಲ್ಲಿ ವಾಸನೆ ಕಳಿಸಬಹುದಾ, ಕೈಗಡಿಯಾರಕ್ಕೆ ನಮ್ಮ ಬೇಜಾರು ತಿಳಿಯುತ್ತದಾ? ಉತ್ತರ ಹುಡುಕುತ್ತಾ ಓದಿದ್ದನ್ನೂ ಹತ್ತಿರದಿಂದ ಕಂಡದ್ದನ್ನೂ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರಲ್ಲ. ಚಿಕಿತ್ಸೆಯ ತೀರ್ಮಾನಕ್ಕೆ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಮತ್ತು ಇಎನ್‌ಟಿ ವೈದ್ಯರನ್ನೇ ಕೇಳಿ.

ಕ್ಯಾಮೆರಾ, ಮೈಕು ಎಂದಿನಿಂದಲೂ ಇವೆಯಲ್ಲ? ಇದರಲ್ಲಿ ಹೊಸತೇನು?

ಕ್ಯಾಮೆರಾ ಬೆಳಕನ್ನು ಅಂಕಿಯಾಗಿಸುತ್ತದೆ, ಮೈಕು ಸದ್ದನ್ನು ಅಂಕಿಯಾಗಿಸುತ್ತದೆ. ಹಾಗಾಗಿ ನೋಟ ಮತ್ತು ಸದ್ದು ಬೇಗ ಕಂಪ್ಯೂಟರಿನೊಳಗೆ ಬಂದವು. ಸ್ಪರ್ಶ, ವಾಸನೆ, ರುಚಿ ಮಾತ್ರ ಹಿಂದೆ ಉಳಿದವು. ಸ್ಪರ್ಶ ಮೈಗೆ ತಾಗಲೇಬೇಕು, ವಾಸನೆ ಮತ್ತು ರುಚಿಗೆ ನಿಜವಾದ ಅಣುಗಳೇ ಮೂಗು ನಾಲಿಗೆಯವರೆಗೆ ಬರಬೇಕು. ತಂತಿಯಲ್ಲಿ ಅಂಕಿ ಹರಿಯುತ್ತದೆ, ಅಣು ಹರಿಯುವುದಿಲ್ಲ. ಮುಂದಿನ ಎಲ್ಲ ತೊಡಕಿಗೂ ಇದೇ ಮೂಲ.

ಇಂಪ್ಲಾಂಟ್ ಹಾಕಿದರೆ ನಮ್ಮ ಹಾಗೇ ಕೇಳಿಸುತ್ತದೆಯೇ?

ಇಲ್ಲ. ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ ಇದೆ. ಅದರಲ್ಲಿ ಸದ್ದನ್ನು ನರಕ್ಕೆ ದಾಟಿಸುವ ರೋಮಕೋಶಗಳು ಸುಮಾರು 3,500. ಅವು ಕೆಲಸ ಮಾಡದಿದ್ದರೆ ಎಷ್ಟು ಜೋರಾಗಿ ಕೂಗಿದರೂ ನರಕ್ಕೆ ಸುದ್ದಿ ಮುಟ್ಟುವುದಿಲ್ಲ, ಸಾಮಾನ್ಯ ಶ್ರವಣಯಂತ್ರದಿಂದ ಪ್ರಯೋಜನ ಕಡಿಮೆ. ಇಂಪ್ಲಾಂಟ್ ಆ ಕೋಶಗಳನ್ನು ಬಳಸದೆ ನೇರವಾಗಿ ನರವನ್ನು ತಟ್ಟುತ್ತದೆ. ಕಿವಿಯ ಹಿಂದೆ ಸಿಕ್ಕಿಸಿದ ಪ್ರೊಸೆಸರ್ ಸದ್ದನ್ನು ಹಿಡಿದು, ತಗ್ಗು ಸ್ವರದಿಂದ ಏರು ಸ್ವರದವರೆಗೆ ಪಟ್ಟಿ ಪಟ್ಟಿಯಾಗಿ ಸೀಳುತ್ತದೆ. ಅಯಸ್ಕಾಂತದಿಂದ ತಲೆಗೆ ಅಂಟಿಕೊಂಡ ಬಿಲ್ಲೆ ಅದನ್ನು ಚರ್ಮದ ಒಳಗಿನ ಭಾಗಕ್ಕೆ ದಾಟಿಸುತ್ತದೆ. ಅಲ್ಲಿಂದ ಸುರುಳಿಯೊಳಗೆ ತೂರಿಸಿದ ಎಳೆಯ ಮೇಲಿರುವ ಎಲೆಕ್ಟ್ರೋಡುಗಳಿಗೆ, ಅಂದರೆ ನರವನ್ನು ತಟ್ಟುವ ಪುಟ್ಟ ಲೋಹದ ಬಿಂದುಗಳಿಗೆ, ವಿದ್ಯುತ್ ಹೋಗುತ್ತದೆ. ತುಂಬಾ ಬಳಕೆಯಲ್ಲಿರುವ ಒಂದು ಮಾದರಿಯಲ್ಲಿ ಇವು 22. 3,500 ಮಾಡುತ್ತಿದ್ದ ಕೆಲಸವನ್ನು 22 ಮಾಡಬೇಕು. ಮಾತು ಅರ್ಥವಾಗುವಷ್ಟು ಸಾಗುತ್ತದೆ, ಸಂಗೀತದ ಸೂಕ್ಷ್ಮ ಅಷ್ಟಾಗಿ ಸಾಗುವುದಿಲ್ಲ. ಗದ್ದಲದ ಮದುವೆ ಮನೆಯಲ್ಲಿ ನಮ್ಮ ಹುಡುಗಿ ಈಗಲೂ ತುಟಿ ನೋಡಿಯೇ ಮಾತು ಹಿಡಿಯುತ್ತಾಳೆ.

ಈ ದಾರಿ ಎರಡು ಶತಮಾನ ಹಳೆಯದು. ವಿದ್ಯುತ್ ಬ್ಯಾಟರಿ ಕಂಡುಹಿಡಿದ ಇಟಲಿಯ ವೋಲ್ಟಾ, ಎರಡು ಲೋಹದ ಸರಳುಗಳನ್ನು ತನ್ನ ಕಿವಿಗಳಿಗೇ ತೂರಿಸಿಕೊಂಡು ವಿದ್ಯುತ್ ಹರಿಸಿದ. ತಲೆಯೊಳಗೆ ಪೆಟ್ಟು ಬಿದ್ದಂತಾಯಿತು, ಆಮೇಲೆ ಏನೋ ಮಂದವಾದದ್ದು ಕೊತಕೊತ ಕುದಿಯುವಂಥ ಸದ್ದು ಕೇಳಿತು ಎಂದು 1800ರಲ್ಲಿ ಬರೆದ. 1957ರಲ್ಲಿ ಪ್ಯಾರಿಸ್‌ನಲ್ಲಿ ಜೂರ್ನೋ ಮತ್ತು ಐರಿಯೆಸ್ ಶ್ರವಣ ನರವನ್ನೇ ವಿದ್ಯುತ್ತಿನಿಂದ ತಟ್ಟಿ ನೋಡಿದರು. 1961ರಲ್ಲಿ ಅಮೆರಿಕದ ವಿಲಿಯಂ ಹೌಸ್ ಒಂದೇ ಎಲೆಕ್ಟ್ರೋಡಿನ ಪ್ರಯತ್ನ ಮಾಡಿದರು. 1978ರಲ್ಲಿ ಮೆಲ್ಬರ್ನ್‌ನ ಗ್ರೇಮ್ ಕ್ಲಾರ್ಕ್ ಹಲವು ಎಲೆಕ್ಟ್ರೋಡುಗಳ ಇಂಪ್ಲಾಂಟ್ ಅಳವಡಿಸಿದರು. ಕ್ಲಾರ್ಕ್ ಅವರ ತಂದೆಗೆ ಕಿವಿ ಮಂದ. ಔಷಧದ ಅಂಗಡಿಯಲ್ಲಿ ಗಿರಾಕಿಗಳ ಮಾತು ಕೇಳಿಸದೆ ಅವರು ಪಡುತ್ತಿದ್ದ ಸಂಕಟವನ್ನು ನೋಡಿಯೇ ಈ ಹುಡುಗ ಬೆಳೆದದ್ದು.

ಹಾಕಿದ ತಕ್ಷಣ ಮಗು ಮಾತಾಡುತ್ತದೆಯೇ?

ಮೊದಲ ಸಲ ಸ್ವಿಚ್ ಆನ್ ಮಾಡಿದ ಕೂಡಲೇ ಮಗು ನಗುವ ವೀಡಿಯೋಗಳನ್ನು ನೀವು ನೋಡಿರಬಹುದು. ನಮ್ಮವಳು ಹೆದರಿ ಅತ್ತಳು, ಬಿಲ್ಲೆ ಕಿತ್ತು ಎಸೆದಳು. ಸದ್ದು ಅಂದರೆ ಏನೆಂದೇ ಗೊತ್ತಿಲ್ಲದ ಮಗುವಿಗೆ ತಲೆಯೊಳಗೆ ಏನೋ ಶುರುವಾದರೆ ಇನ್ನೇನು ಮಾಡೀತು? ವಾರಗಳು ಹೋದವು. ಒಂದು ಬೆಳಿಗ್ಗೆ ಅಕ್ಕ ಒಗ್ಗರಣೆ ಹಾಕುತ್ತಿದ್ದಳು. ಮಗು ಕಟ್ಟೆಯ ಮೇಲೆ ಕೂತಿತ್ತು. ಎಣ್ಣೆ ಕಾದು ಸಾಸಿವೆ ಚಟಪಟ ಸಿಡಿದಾಗ ಅದು ಬಾಣಲೆ ನೋಡಿತು, ಅಕ್ಕನ ಮುಖ ನೋಡಿತು, ಮತ್ತೆ ಬಾಣಲೆ ನೋಡಿತು. ಸಾಸಿವೆ ಹಾರುವುದನ್ನು ಅದು ಎಷ್ಟೋ ಸಲ ಕಂಡಿತ್ತು. ಹಾರುವಾಗ ಸದ್ದೂ ಆಗುತ್ತದೆ ಎಂದು ಅವತ್ತು ತಿಳಿಯಿತು. ಅಕ್ಕ ಇನ್ನೊಂದು ಚಮಚ ಸಾಸಿವೆ ಹಾಕಿದಳು. ಆವತ್ತಿನ ಸಾರಿನಲ್ಲಿ ಸಾಸಿವೆಯೇ ಜಾಸ್ತಿ.

ಯಂತ್ರ ಕೊಡುವುದು ಸಂಕೇತ ಮಾತ್ರ, ಅದನ್ನು ಸದ್ದಾಗಿ ಮಾಡಿಕೊಳ್ಳುವುದು ಮಗುವಿನ ಮಿದುಳು. ಅದಕ್ಕೇ ಎಳೆ ವಯಸ್ಸು ಮುಖ್ಯ, ಅದಕ್ಕೇ ವರ್ಷಗಟ್ಟಲೆ ಥೆರಪಿ ಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸದಲ್ಲಿದೆ. ಅಂಗವಿಕಲರಿಗೆ ಸಾಧನಗಳನ್ನು ಒದಗಿಸುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಅರ್ಹ ಮಕ್ಕಳಿಗೆ ಇಂಪ್ಲಾಂಟಿಗೆ ನೆರವು ಸಿಗುತ್ತದೆ. ಖರ್ಚು ಲಕ್ಷಗಟ್ಟಲೆ ಎಂದು ಕೈಚೆಲ್ಲುವ ಮೊದಲು ಅಲ್ಲಿ ವಿಚಾರಿಸಿ. ಹುಟ್ಟಿದ ಮಗುವಿನ ಶ್ರವಣ ಪರೀಕ್ಷೆಯನ್ನಂತೂ ಮುಂದೂಡಬೇಡಿ. "ಅವನ ಅಪ್ಪನೂ ತಡವಾಗಿಯೇ ಮಾತಾಡಿದ್ದು" ಎಂಬ ಸಮಾಧಾನದ ಮಾತಿನಲ್ಲಿ ನಮ್ಮ ಮನೆಯಲ್ಲೇ ಒಂದು ವರ್ಷ ಕಳೆದುಹೋಯಿತು.

ಕಣ್ಣಿಗೂ ಇಂಥದ್ದೇ ಇದೆಯೇ?

ಪ್ರಯತ್ನಗಳು ನಡೆದಿವೆ, ಕಿವಿಯಷ್ಟು ಫಲ ಸಿಕ್ಕಿಲ್ಲ. ಆರ್ಗಸ್ 2 ಎಂಬ ಅಕ್ಷಿಪಟದ (ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯುವ ಪದರದ) ಇಂಪ್ಲಾಂಟಿಗೆ 2013ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದರಲ್ಲಿ 60 ಎಲೆಕ್ಟ್ರೋಡುಗಳು. ಬಾಗಿಲು ಎಲ್ಲಿದೆ, ಬೆಳಕು ಎಲ್ಲಿಂದ ಬರುತ್ತಿದೆ ಎಂಬಷ್ಟು ತಿಳಿಯುತ್ತಿತ್ತು. ಕೆಲವೇ ವರ್ಷಗಳಲ್ಲಿ ತಯಾರಿಸಿದ ಕಂಪನಿ ಅದನ್ನು ಕೈಬಿಟ್ಟಿತು. ಹಾಕಿಸಿಕೊಂಡವರ ಕಣ್ಣೊಳಗೆ ರಿಪೇರಿಯಿಲ್ಲದ, ಬಿಡಿಭಾಗ ಸಿಗದ ಯಂತ್ರ ಉಳಿಯಿತು. ಫೋನ್ ಹಳತಾದರೆ ಬದಲಿಸಬಹುದು, ಮೈಯೊಳಗಿನದನ್ನು ಏನು ಮಾಡುವುದು? ಇಂಥ ಯಾವ ಸಾಧನ ಬಂದರೂ ಇಪ್ಪತ್ತು ವರ್ಷದ ಮೇಲೆ ಇದನ್ನು ನೋಡಿಕೊಳ್ಳುವವರು ಯಾರು ಎಂದು ಮೊದಲೇ ಕೇಳಬೇಕು. ನಾವೂ ಕೇಳಿದೆವು.

ಬೆರಳಿನಿಂದ, ನಾಲಿಗೆಯಿಂದ "ನೋಡಬಹುದು" ಎನ್ನುತ್ತಾರೆ. ನಿಜವೇ?

ನಿಜ, ನನಗೆ ಈ ವಿಷಯದಲ್ಲಿ ಅತಿ ಪ್ರಿಯವಾದ ಭಾಗವೂ ಇದೇ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದ ಜಾನ್ ಲಿನ್ವಿಲ್ ಅವರ ಮಗಳು ಕ್ಯಾಂಡಿಗೆ ಕಣ್ಣು ಕಾಣುತ್ತಿರಲಿಲ್ಲ. ತಾಯಿ ಪುಸ್ತಕಗಳನ್ನು ಬ್ರೈಲ್‌ಗೆ, ಬೆರಳಿನಿಂದ ಓದುವ ಉಬ್ಬು ಚುಕ್ಕೆಯ ಲಿಪಿಗೆ, ಇಳಿಸಿ ಕೊಡುತ್ತಿದ್ದರು. ಜರ್ಮನಿಯಲ್ಲಿ, ಸಣ್ಣ ಸಣ್ಣ ಪಿನ್ನುಗಳು ಬಡಿದು ಅಕ್ಷರ ಅಚ್ಚೊತ್ತುವ ಪ್ರಿಂಟರ್ ಒಂದನ್ನು ನೋಡಿದ ಲಿನ್ವಿಲ್ ಅವರಿಗೆ, ಈ ಪಿನ್ನುಗಳು ಕಾಗದದ ಬದಲು ಮಗಳ ಬೆರಳಿಗೆ ಬಡಿದರೆ ಎಂಬ ಯೋಚನೆ ಬಂತು. ಹಾಗೆ ಹುಟ್ಟಿದ್ದು ಆಪ್ಟಕಾನ್. ಒಂದು ಕೈಯಲ್ಲಿ ಪುಟ್ಟ ಕ್ಯಾಮೆರಾ ಹಿಡಿದು ಅಚ್ಚಿನ ಸಾಲಿನ ಮೇಲೆ ಎಳೆಯುತ್ತಾ ಹೋಗಬೇಕಿತ್ತು, ಇನ್ನೊಂದು ಕೈಯ ತೋರುಬೆರಳಿನ ಕೆಳಗೆ 144 ಪಿನ್ನುಗಳು ಆ ಅಕ್ಷರದ ಆಕಾರದಲ್ಲೇ ಕಂಪಿಸುತ್ತಿದ್ದವು. 1971ರಿಂದ ಅದು ಮಾರುಕಟ್ಟೆಗೆ ಬಂತು. ಬ್ರೈಲ್‌ಗೆ ಇಳಿಸದ ಸಾಧಾರಣ ಅಚ್ಚಿನ ಪುಸ್ತಕವನ್ನೂ ಪತ್ರವನ್ನೂ ಯಾರ ನೆರವಿಲ್ಲದೆ ಓದಬಹುದಾಯಿತು.

1969ರಲ್ಲಿ ಪಾಲ್ ಬಾಕ್-ಇ-ರೀಟಾ ಎಂಬ ನರವಿಜ್ಞಾನಿ ಹಳೆಯ ದಂತವೈದ್ಯರ ಕುರ್ಚಿಯೊಂದರ ಬೆನ್ನಿಗೆ 400 ಕಂಪಕಗಳನ್ನು ಜೋಡಿಸಿದರು. ಕ್ಯಾಮೆರಾ ಕಂಡದ್ದು ಕೂತವರ ಬೆನ್ನ ಮೇಲೆ ಮೂಡುತ್ತಿತ್ತು. ಅಭ್ಯಾಸವಾದ ಮೇಲೆ ಅಂಧರು ಟೆಲಿಫೋನ್, ಕುರ್ಚಿ, ಎದುರಿಗಿದ್ದವರ ಮುಖ ಗುರುತಿಸತೊಡಗಿದರು. ವಿಚಿತ್ರವೆಂದರೆ, ಕ್ಯಾಮೆರಾವನ್ನು ತಮ್ಮ ಕೈಯಿಂದಲೇ ಆಡಿಸಿದಾಗ ಮಾತ್ರ ವಸ್ತು ಎದುರಿಗೆ ಇದೆ ಎನಿಸುತ್ತಿತ್ತು. ಬೇರೆಯವರು ಆಡಿಸಿದರೆ ಬೆನ್ನಿಗೆ ಏನೋ ತಾಗಿದ ಹಾಗೆ, ಅಷ್ಟೇ. ಇದರ ಮೊಮ್ಮಗನಂಥ ಬ್ರೈನ್‌ಪೋರ್ಟ್ ಎಂಬ ಸಾಧನ ಚಿತ್ರವನ್ನು ನಾಲಿಗೆಯ ಮೇಲೆ ಮೂಡಿಸುತ್ತದೆ. ಸೋಡಾ ಗುಳ್ಳೆ ಸಿಡಿದ ಹಾಗೆ ಇರುತ್ತದೆ ಎಂದು ಬಳಸಿದವರು ಹೇಳುತ್ತಾರೆ.

ನಮ್ಮಲ್ಲಿ ಐಐಟಿ ದೆಹಲಿಯಿಂದ 2014ರಲ್ಲಿ ಹೊರಬಂದ ಸ್ಮಾರ್ಟ್‌ಕೇನ್ ಇದೇ ಜಾತಿಯದು. ನೆಲ ತಡವುವ ಕೋಲಿಗೆ ತಲೆ ಎದೆ ಮಟ್ಟದ ಕೊಂಬೆ, ಸರಳು ಸಿಗುವುದಿಲ್ಲ. ಇದು ಶ್ರವಣಾತೀತ ಅಲೆಯಿಂದ ಅವನ್ನು ಪತ್ತೆಹಚ್ಚಿ ಹಿಡಿಯಲ್ಲಿ ಕಂಪಿಸಿ ಎಚ್ಚರಿಸುತ್ತದೆ. ನಮ್ಮ ಫುಟ್‌ಪಾತುಗಳಲ್ಲಿ ನಡೆದವರಿಗೆ ಇದರ ಬೆಲೆ ಗೊತ್ತು.

ಫೋನಿನ ಗಾಜು ಒತ್ತಿದರೆ ಬಟನ್ ಒತ್ತಿದ ಹಾಗೆ ಯಾಕೆ ಅನಿಸುತ್ತದೆ?

ಒಳಗೆ ಸ್ಪ್ರಿಂಗಿಗೆ ಕಟ್ಟಿದ ಒಂದು ಚಿಕ್ಕ ತೂಕ ಇರುತ್ತದೆ. ನೀವು ಒತ್ತಿದ ಗಳಿಗೆಗೆ ಸರಿಯಾಗಿ ಅದು ಒಮ್ಮೆ ಥಟ್ಟನೆ ಆಡಿ ನಿಲ್ಲುತ್ತದೆ, ಬೆರಳು ಅದನ್ನು "ಟಿಕ್" ಎಂದು ಓದಿಕೊಳ್ಳುತ್ತದೆ. 2016ರ ಐಫೋನ್ 7ರ ಹೋಮ್ ಬಟನ್ ಒಂದಿಷ್ಟೂ ಕೆಳಗೆ ಹೋಗುವುದಿಲ್ಲ. ಫೋನ್ ಪೂರ್ತಿ ಸ್ವಿಚ್ ಆಫ್ ಮಾಡಿ ಒತ್ತಿ ನೋಡಿ, ಅದು ಬರೀ ಕಲ್ಲು.

ಕೃತಕ ಕೈಗೆ ಸ್ಪರ್ಶ ಬರಿಸಬಹುದೇ?

ಪ್ರಯೋಗಶಾಲೆಯಲ್ಲಿ ಬರಿಸಿದ್ದಾರೆ. 2004ರಲ್ಲಿ ಕಾರು ಅಪಘಾತದಲ್ಲಿ ಕೈಕಾಲಿನ ಸ್ವಾಧೀನ ಕಳೆದುಕೊಂಡ ಅಮೆರಿಕದ ನೇಥನ್ ಕೋಪ್‌ಲ್ಯಾಂಡ್ ಅವರ ಮಿದುಳಿಗೆ ಪಿಟ್ಸ್‌ಬರ್ಗ್‌ನ ತಂಡ ಎಲೆಕ್ಟ್ರೋಡು ಅಳವಡಿಸಿತು. ರೋಬಾಟ್ ಕೈಯ ಬೆರಳು ಮುಟ್ಟಿದರೆ ತನ್ನ ಬೆರಳನ್ನೇ ಮುಟ್ಟಿದಂತಾಗುತ್ತದೆ ಎಂದರು ಅವರು. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸ್ಪರ್ಶ ತಿಳಿಯದೆ ಕಣ್ಣಳತೆಯಲ್ಲೇ ವಸ್ತು ಎತ್ತಿಡಲು ಹಿಡಿಯುತ್ತಿದ್ದ ಸುಮಾರು 20 ಸೆಕೆಂಡು, ಸ್ಪರ್ಶ ಸೇರಿದ ಮೇಲೆ ಅರ್ಧಕ್ಕೆ ಇಳಿಯಿತು. ಕತ್ತಲಲ್ಲಿ ಬೀಗಕ್ಕೆ ಕೀಲಿ ಹಾಕುವಾಗ ಬೆರಳು ಎಷ್ಟು ಕೆಲಸ ಮಾಡುತ್ತದೆಂದು ನೆನೆದರೆ ಇದು ಅರ್ಥವಾಗುತ್ತದೆ.

ಮಲ್ಲಿಗೆ ವಾಸನೆಯನ್ನು ವಾಟ್ಸಾಪ್‌ನಲ್ಲಿ ಕಳಿಸುವ ಕಾಲ ಬರುತ್ತದೆಯೇ?

ಅಮೆರಿಕದಲ್ಲಿರುವ ಮಕ್ಕಳ ತಾಯಂದಿರು ಇದನ್ನು ಕೇಳಿದಾಗ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಆದರೆ ಸದ್ಯಕ್ಕೆ ಇಲ್ಲ.

ಬಣ್ಣದ ವಿಷಯದಲ್ಲಿ ನಮ್ಮ ಅದೃಷ್ಟ ದೊಡ್ಡದು. ಕಣ್ಣಿನಲ್ಲಿ ಬಣ್ಣ ಹಿಡಿಯುವ ಕೋಶಗಳು ಮೂರೇ ಬಗೆ. ಕೆಂಪು, ಹಸಿರು, ನೀಲಿ ಚುಕ್ಕೆಗಳಿಂದ ಟಿವಿ ಹೆಚ್ಚುಕಡಿಮೆ ಎಲ್ಲ ಬಣ್ಣ ತೋರಿಸಿಬಿಡುತ್ತದೆ. ಮೂಗಿನಲ್ಲಿ ವಾಸನೆಯ ಅಣುಗಳನ್ನು ಹಿಡಿಯುವ ಗ್ರಾಹಕಗಳು ಸುಮಾರು 400 ಬಗೆ. ಇವುಗಳ ವಂಶವಾಹಿಗಳನ್ನು 1991ರಲ್ಲಿ ಕಂಡುಹಿಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್‌ಗೆ 2004ರ ನೊಬೆಲ್ ಬಂತು. ಮೂರು ಮೂಲ ಬಣ್ಣದಂತೆ ಮೂರು ಮೂಲ ವಾಸನೆ ಇಲ್ಲ. ಬೆರಕೆಯ ಲೆಕ್ಕವೂ ನೆಟ್ಟಗಿಲ್ಲ. ಮಲ್ಲಿಗೆಯ ಪರಿಮಳದಲ್ಲಿ ಇಂಡೋಲ್ ಎಂಬ ವಸ್ತು ಇದೆ. ಅದನ್ನೇ ಗಾಢವಾಗಿ, ಒಂಟಿಯಾಗಿ ಮೂಗಿಗೆ ಹಿಡಿದರೆ ಕೊಳೆತ ನಾತ. ಆದರೆ ಆ ಎಳೆಯನ್ನು ತೆಗೆದರೆ ಮಲ್ಲಿಗೆ ಮಲ್ಲಿಗೆಯಾಗಿ ಉಳಿಯುವುದಿಲ್ಲ.

ಹಾಗೆಂದು ಕನಸು ಕಂಡವರು ಕಡಿಮೆಯಿಲ್ಲ. ಮಾರ್ಟನ್ ಹೈಲಿಗ್ 1962ರಲ್ಲಿ ಪೇಟೆಂಟ್ ಪಡೆದ ಸೆನ್ಸೊರಾಮ ಎಂಬ ಪೆಟ್ಟಿಗೆಯೊಳಗೆ ತಲೆಯಿಟ್ಟು ಕೂತರೆ ಮೂರು ಆಯಾಮದ ಚಿತ್ರ, ಅಲುಗುವ ಸೀಟು, ಮುಖಕ್ಕೆ ಗಾಳಿ, ಜೊತೆಗೆ ವಾಸನೆ. 1960ರಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ಸೀಟಿಗೆ ಕೊಳವೆ ಎಳೆದು ವಾಸನೆ ಬಿಟ್ಟ ಸ್ಮೆಲ್-ಒ-ವಿಷನ್ ಒಂದೇ ಚಿತ್ರಕ್ಕೆ ಮುಗಿಯಿತು. ವಾಸನೆಗೆ ಚಿತ್ರದ ವೇಗಕ್ಕೆ ಬಂದು ಹೋಗಲು ಬರುವುದಿಲ್ಲ. ಒಂದು ಬಂದರೆ ಅಲ್ಲೇ ನಿಂತುಬಿಡುತ್ತದೆ, ಇನ್ನೊಂದು ಅದರ ಮೇಲೆ ಬೀಳುತ್ತದೆ. ಕಂಪ್ಯೂಟರಿಗೆ ಸಿಕ್ಕಿಸುವ ಐಸ್ಮೆಲ್ ಎಂಬ ಸಾಧನ ಮಾಡಲು ಹೊರಟ ಡಿಜಿಸೆಂಟ್ಸ್ ಕಂಪನಿ 2001ರಲ್ಲಿ ಮುಚ್ಚಿತು. 2024ರಲ್ಲಿ ಆಸ್ಮೊ ಎಂಬ ಅಮೆರಿಕದ ಕಂಪನಿ, ಪ್ಲಮ್ ಹಣ್ಣಿನ ವಾಸನೆಯನ್ನು ಯಂತ್ರದಿಂದ ವಿಶ್ಲೇಷಿಸಿ ಇನ್ನೊಂದು ಯಂತ್ರದಲ್ಲಿ ಮತ್ತೆ ಬೆರೆಸಿದ್ದಾಗಿ ಹೇಳಿತು.

ವಾಸನೆ ಹಿಡಿಯುವ ಕೆಲಸದಲ್ಲಿ ಮಾತ್ರ ಯಂತ್ರಗಳು ಮುಂದೆ ಬಂದಿವೆ. 1982ರಲ್ಲಿ ಇಂಗ್ಲೆಂಡಿನ ವಾರಿಕ್‌ನಲ್ಲಿ ಕೃಷ್ಣ ಪರ್ಸಾದ್ ಮತ್ತು ಜಾರ್ಜ್ ಡಾಡ್ ಮೊದಲ ಎಲೆಕ್ಟ್ರಾನಿಕ್ ಮೂಗಿನ ಮಾದರಿ ಪ್ರಕಟಿಸಿದರು. ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಾದ ಕೋಲ್ಕತ್ತದ ಸಿ-ಡ್ಯಾಕ್ ಚಹಾ ಎಲೆಯ ಗುಣಮಟ್ಟ ಅಳೆಯಲು ಇಂಥ ಮೂಗು ಮಾಡಿದೆ.

ರುಚಿ?

ಚಿಕ್ಕವರಿದ್ದಾಗ ಚೌಕದ 9 ವೋಲ್ಟ್ ಬ್ಯಾಟರಿಯನ್ನು ನಾಲಿಗೆಗೆ ತಾಗಿಸಿ ಚುರುಕ್ಕೆಂದದ್ದು ನೆನಪಿದೆಯೇ? ಆ ಹುಳಿ ಲೋಹದ ರುಚಿಯೇ ಇಲ್ಲಿನ ಮೂಲ ಉಪಾಯ. ಜಪಾನಿನ ಮೇಜಿ ವಿಶ್ವವಿದ್ಯಾಲಯದ ಹೋಮೆ ಮಿಯಾಶಿಟ ಮತ್ತು ಹಿರೋಮಿ ನಾಕಾಮುರ ವಿದ್ಯುತ್ ಹರಿಯುವ ಚಾಪ್‌ಸ್ಟಿಕ್, ಸ್ಟ್ರಾಗಳಿಂದ ರುಚಿ ಬದಲಿಸಿ ತೋರಿಸಿದರು. ಅದೇ ದಾರಿಯಲ್ಲಿ ಕಿರಿನ್ ಕಂಪನಿ 2024ರ ಮೇ ತಿಂಗಳಲ್ಲಿ ಒಂದು ಚಮಚವನ್ನು 19,800 ಯೆನ್‌ಗೆ ಮಾರಾಟಕ್ಕಿಟ್ಟಿತು. ಅದು ಹರಿಸುವ ಸಣ್ಣ ವಿದ್ಯುತ್ ಆಹಾರದ ಸೋಡಿಯಂ ಅಯಾನುಗಳನ್ನು ನಾಲಿಗೆಯ ಕಡೆ ಸೇರಿಸುತ್ತದೆ, ಕಡಿಮೆ ಉಪ್ಪಿನ ಸೂಪೂ ಉಪ್ಪುಪ್ಪಾಗಿ ಅನಿಸುತ್ತದೆ. ಉಪ್ಪಿಗಿಂತ ರುಚಿಯಿಲ್ಲ ಎನ್ನುವ ನಾಡು ನಮ್ಮದು. ಬಿಪಿಯಿಂದಾಗಿ ಉಪ್ಪು ಬಿಟ್ಟ ಹಿರಿಯರು ತಟ್ಟೆಯ ಮುಂದೆ ಮುಖ ಸಪ್ಪೆ ಮಾಡಿ ಕೂರುವುದನ್ನು ದಿನಾ ನೋಡುವವರಿಗೆ ಈ ಚಮಚ ಆಟದ ಸಾಮಾನಲ್ಲ.

ಖಾರವನ್ನೂ ಹಾಗೆ ತರಬಹುದೇ?

ಖಾರ ನಾಲಿಗೆಯ ರುಚಿಗಳ ಸಾಲಿಗೆ ಸೇರಿಲ್ಲ. ಬಿಸಿ ಮತ್ತು ನೋವನ್ನು ಹಿಡಿಯುವ ಗ್ರಾಹಕವನ್ನೇ ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಕೆರಳಿಸುತ್ತದೆ. 1997ರಲ್ಲಿ ಇದನ್ನು ಗುರುತಿಸಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡರು. "ಬಾಯಿ ಉರೀತಿದೆ" ಎಂದು ನಾವು ಹೇಳುವುದು ಅಕ್ಷರಶಃ ಸರಿ.

ಕೈಗಡಿಯಾರಕ್ಕೆ ನನ್ನ ಮನಸ್ಸು ತಿಳಿಯುತ್ತದೆಯೇ?

ಮೈ ತಿಳಿಯುತ್ತದೆ. ಮನಸ್ಸನ್ನು ಅದು ಊಹಿಸುತ್ತದೆ. ಈ ವ್ಯತ್ಯಾಸವನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ.

ಭರತನ ನಾಟ್ಯಶಾಸ್ತ್ರ ಎಂಟು ಸಾತ್ವಿಕ ಭಾವಗಳನ್ನು ಹೇಳುತ್ತದೆ. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಮೈ ಮರಗಟ್ಟುವುದು, ಬೆವರುವುದು, ನವಿರೇಳುವುದು, ದನಿ ಒಡೆಯುವುದು, ನಡುಗುವುದು, ಮುಖ ಬಿಳಿಚುವುದು, ಕಣ್ಣೀರು, ಎಚ್ಚರ ತಪ್ಪುವುದು. ಇಂದಿನ ಸೆನ್ಸರುಗಳ ಪಟ್ಟಿ ಇದರ ಪಕ್ಕದಲ್ಲಿಟ್ಟರೆ ಅರ್ಧ ಹೊಂದಿಕೊಳ್ಳುತ್ತದೆ. ಚರ್ಮದ ಬೆವರು ವಿದ್ಯುತ್ತನ್ನು ಎಷ್ಟು ಹರಿಯಬಿಡುತ್ತದೆ ಎಂದು ಒಂದು ಅಳೆಯುತ್ತದೆ, ದನಿಯ ಏರಿಳಿತವನ್ನು ಇನ್ನೊಂದು, ನಡುಕವನ್ನು ಮತ್ತೊಂದು. ಆದರೆ ಬೆವರು ಭಯಕ್ಕೂ ಬರುತ್ತದೆ, ಸಂತೋಷಕ್ಕೂ ಬರುತ್ತದೆ, ಮೇ ತಿಂಗಳ ಮಂಗಳೂರಿನಲ್ಲಿ ಸುಮ್ಮನೆ ಕೂತರೂ ಬರುತ್ತದೆ. ಯಾವುದರ ಬೆವರು ಎಂದು ರಂಗದ ಕಥೆ ಗೊತ್ತಿರುವ ಪ್ರೇಕ್ಷಕನಿಗೆ ತಿಳಿಯುತ್ತದೆ, ಸೆನ್ಸರಿಗೆ ಕಥೆ ಗೊತ್ತಿಲ್ಲ.

ಯಂತ್ರಕ್ಕೆ ಭಾವನೆ ಗುರುತಿಸಲು ಕಲಿಸುವ ಈ ಕ್ಷೇತ್ರಕ್ಕೆ ಅಫೆಕ್ಟಿವ್ ಕಂಪ್ಯೂಟಿಂಗ್ ಎಂದು ಹೆಸರಿಟ್ಟವರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ರೊಸಾಲಿಂಡ್ ಪಿಕಾರ್ಡ್. ಅವರ ಲ್ಯಾಬಿನ ವಿದ್ಯಾರ್ಥಿಯೊಬ್ಬ ರಜೆಗೆ ಹೋಗುವಾಗ, ಆಟಿಸಂ ಇರುವ, ಮಾತಾಡದ ತಮ್ಮನಿಗೆ ಏನು ತಳಮಳವಾಗುತ್ತದೆ ತಿಳಿಯೋಣವೆಂದು ಬೆವರು ಅಳೆಯುವ ಎರಡು ಕೈಪಟ್ಟಿ ಒಯ್ದ. ಒಂದು ದಿನ ಒಂದೇ ಕೈಯ ಅಂಕಿ ವಿಪರೀತ ಎಗರಿತ್ತು. ಯಂತ್ರ ಕೆಟ್ಟಿದೆ ಎಂದುಕೊಂಡು ಬಿಟ್ಟುಬಿಡದೆ ಪಿಕಾರ್ಡ್ ಫೋನ್ ಮಾಡಿ ವಿಚಾರಿಸಿದರು. ಅಂಕಿ ಎಗರಿದ ಸ್ವಲ್ಪ ಹೊತ್ತಿಗೆ ಆ ತಮ್ಮನಿಗೆ ಫಿಟ್ಸ್ ಬಂದಿತ್ತು. ಭಾವನೆ ಹುಡುಕಲು ಹೋದ ಸಾಧನ ಹೀಗೆ ಮೂರ್ಛೆರೋಗದ ಕಡೆ ತಿರುಗಿತು. ಫಿಟ್ಸ್ ಬಂದಾಗ ಮನೆಯವರಿಗೆ ಸೂಚನೆ ಕಳಿಸುವ ಎಂಬ್ರೇಸ್ ಕೈಪಟ್ಟಿಗೆ 2018ರಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು.

ಕ್ಯಾಮೆರಾ ಮುಖ ನೋಡಿ ಸಿಟ್ಟು, ದುಃಖ ಹೇಳಿಬಿಡುತ್ತದಂತೆ. ಶಾಲೆ, ಆಫೀಸುಗಳಲ್ಲಿ ಹಾಕಿದರೆ ತಪ್ಪೇನು?

ತಪ್ಪು ಎಂದೇ ನನ್ನ ಅಭಿಪ್ರಾಯ. ಅಮೆರಿಕದ ಮನೋವಿಜ್ಞಾನಿ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರು 2019ರಲ್ಲಿ ನೂರಾರು ಅಧ್ಯಯನಗಳನ್ನು ಜಾಲಾಡಿ, ಸಿಟ್ಟು ಬಂದಾಗ ಜನ ಹುಬ್ಬು ಗಂಟಿಕ್ಕುವುದು ನೂರಕ್ಕೆ ಸುಮಾರು 30 ಸಲ ಮಾತ್ರ ಎಂದರು. ಉಳಿದಂತೆ ಸುಮ್ಮನಿರುತ್ತಾರೆ, ಅಳುತ್ತಾರೆ, ನಗುತ್ತಾರೆ. ನಮ್ಮ ಮನೆಗಳಲ್ಲಿ "ಪರವಾಗಿಲ್ಲ ಬಿಡು" ಎಂಬ ಮಾತಿನ ಹಿಂದೆ ಎಷ್ಟು ಬಗೆಯ ಮನಸ್ಸಿದೆ, ಎಣಿಸಿ ನೋಡಿ. 2022ರಲ್ಲಿ ಮೈಕ್ರೋಸಾಫ್ಟ್ ಮುಖದಿಂದ ಭಾವನೆ ಊಹಿಸುವ ಸೌಲಭ್ಯವನ್ನು ಹಿಂತೆಗೆಯುವುದಾಗಿ ಹೇಳಿತು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಫೆಬ್ರವರಿ 2ರಿಂದ, ಚಿಕಿತ್ಸೆ ಮತ್ತು ಸುರಕ್ಷತೆಯ ಕಾರಣ ಬಿಟ್ಟರೆ, ಕೆಲಸದ ಜಾಗ ಮತ್ತು ಶಾಲೆಗಳಲ್ಲಿ ಇಂಥ ಯಂತ್ರ ನಿಷಿದ್ಧ. ನಮ್ಮ 2023ರ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಇದರ ಬಗ್ಗೆ ಪ್ರತ್ಯೇಕ ಮಾತಿಲ್ಲ. ಮಗುವಿನ ಶಾಲೆ ಇಂಥದ್ದು ತರುತ್ತೇವೆಂದರೆ ಪೋಷಕರ ಸಭೆಯಲ್ಲಿ ಎದ್ದು ನಿಂತು ಕೇಳಿ.

ಇಮೋಜಿಯೂ ಈ ಲೆಕ್ಕಕ್ಕೆ ಬರುತ್ತದೆಯೇ?

ಖಂಡಿತ. 1982ರ ಸೆಪ್ಟೆಂಬರ್ 19ರಂದು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಸ್ಕಾಟ್ ಫಾಲ್ಮನ್ ತಮಾಷೆಗೆ ಬರೆದದ್ದನ್ನು ಗುರುತಿಸಲು ಕೋಲನ್, ಅಡ್ಡಗೆರೆ, ಕಂಸ ಸೇರಿಸಿ ನಗುಮುಖ ಮಾಡೋಣ ಎಂದರು. 1999ರಲ್ಲಿ ಜಪಾನಿನ ಶಿಗೆಟಾಕ ಕುರಿಟ, ಉದ್ದಗಲ 12 ಚುಕ್ಕೆಯ ಚೌಕದೊಳಗೆ 176 ಚಿತ್ರ ಬಿಡಿಸಿದರು. ಭಾವನೆಯನ್ನು ಕದ್ದು ಊಹಿಸದೆ, ನೀವೇ ಆರಿಸಿ ಕಳಿಸುವ ಸಾಧನ ಇದು. ನನಗೆ ಇದರ ಮೇಲೆ ಗೌರವ ಇದೆ.

ಬೇಜಾರಾದಾಗ ಚಾಟ್‌ಬಾಟ್ ಜೊತೆ ಮಾತಾಡಿದರೆ ಹಗುರಾಗುತ್ತದೆ. ಅದಕ್ಕೆ ನಿಜವಾಗಿ ಕನಿಕರ ಇದೆಯೇ?

ಹಗುರಾಗುವುದು ನಿಜ. 1966ರಲ್ಲಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಬರೆದ ಎಲೈಜಾ ಎಂಬ ಪ್ರೋಗ್ರಾಂ, ನೀವು ಹೇಳಿದ್ದನ್ನೇ ಪ್ರಶ್ನೆಯಾಗಿ ತಿರುಗಿಸುತ್ತಿತ್ತು, ಅಷ್ಟೇ. ಅದನ್ನು ಅವರು ಬರೆಯುವುದನ್ನೇ ತಿಂಗಳುಗಟ್ಟಲೆ ಕಂಡಿದ್ದ ಅವರ ಕಾರ್ಯದರ್ಶಿ, ಎರಡು ಮಾತಾಡುವಷ್ಟರಲ್ಲಿ ಅವರನ್ನೇ ಕೋಣೆಯಿಂದ ಹೊರಗೆ ಹೋಗಲು ಕೇಳಿಕೊಂಡರು. ಕನಿಕರ ನಮ್ಮಿಂದ ಹುಟ್ಟಿ ಅದರ ಮೇಲೆ ಬೀಳುತ್ತದೆ. ಜಪಾನಿನ ಟಕಾನೊರಿ ಶಿಬಾಟ ಮಾಡಿದ ಪಾರೊ ಎಂಬ, ಸೀಲ್ ಎಂಬ ಕಡಲ ಪ್ರಾಣಿಯ ಮರಿಯಂತಿರುವ ರೋಬಾಟನ್ನು ಮರೆವಿನ ಕಾಯಿಲೆಯ ವೃದ್ಧರು ಮಡಿಲಲ್ಲಿಟ್ಟು ಸವರುತ್ತಾ ಶಾಂತರಾಗುತ್ತಾರೆ. ಅದರಲ್ಲಿ ನನಗೆ ಕೆಟ್ಟದ್ದೇನೂ ಕಾಣುವುದಿಲ್ಲ, ಪಕ್ಕದಲ್ಲಿ ಮನುಷ್ಯರೂ ಇರುವವರೆಗೆ. ಸಂಕಟ ಹೆಚ್ಚಾಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೂ ಮಾತಾಡಬಹುದು.

ರಾತ್ರಿ ಇಂಪ್ಲಾಂಟಿನ ಯಂತ್ರ ತೆಗೆದಿಟ್ಟರೆ ಮಗುವಿಗೆ ಏನೂ ಕೇಳಿಸುವುದಿಲ್ಲವೇ?

ಏನೂ ಇಲ್ಲ. ಪ್ರೊಸೆಸರನ್ನು ತೇವ ಹೀರುವ ಡಬ್ಬಿಯಲ್ಲಿಟ್ಟು ಮಲಗುತ್ತಾಳೆ. ಗುಡುಗು ಬಂದರೂ ನಿದ್ದೆ ಕೆಡದು. ಕರೆಯಬೇಕಾದರೆ ದೀಪ ಹಾಕಿ ಆರಿಸುತ್ತೇವೆ, ಇಲ್ಲವೇ ಮಂಚದ ಹಲಗೆ ತಟ್ಟುತ್ತೇವೆ. ಕರೆಂಟು ಹೋದ ರಾತ್ರಿಗಳಲ್ಲಿ ಅಕ್ಕ ಅವಳ ಅಂಗೈಯಲ್ಲಿ ಬೆರಳಿನಿಂದ ಅಕ್ಷರ ಬರೆಯುತ್ತಾಳೆ, ಅವಳು ಅಕ್ಕನ ಅಂಗೈಯಲ್ಲಿ ಉತ್ತರ ಬರೆಯುತ್ತಾಳೆ.